ಉರಿ ತಗ್ಗಿಸಿ, ಕಾಡ್ ಬೇಯಿಸಿ

ಸ್ಕಾಟ್ಸ್ ಇಮಲ್ಷನ್ ಬಾಟಲಿಯ ಮೇಲಿನ ಚಿತ್ರ ಹಲವರಿಗೆ ನೆನಪಿರಬಹುದು. ಹೆಚ್ಚುಕಡಿಮೆ ತನ್ನಷ್ಟೇ ಉದ್ದದ ಮೀನೊಂದನ್ನು ಬೆನ್ನಿಗೆ ಹೇರಿಕೊಂಡು ನಿಂತ ಬೆಸ್ತ. ಆ ಮೀನೇ ಕಾಡ್. ನಮ್ಮ ಮನೆಗಳಿಗೆ ಅದು ಬಂದದ್ದು ಔಷಧಿ ಅಂಗಡಿಯ ದಾರಿಯಿಂದ. ಬಡಕಲು ಮಕ್ಕಳಿಗೆ ಮೂಗು ಹಿಡಿದು ಕುಡಿಸುತ್ತಿದ್ದ ಕಾಡ್ ಲಿವರ್ ಆಯಿಲ್ ಎಲ್ಲರಿಗೂ ಗೊತ್ತು; ಆ ಎಣ್ಣೆ ಕೊಟ್ಟ ಮೀನಿನ ಮಾಂಸ ಹೇಗಿರುತ್ತದೆ ಎಂದು ಕೇಳಿದವರು ಕಡಿಮೆ.

ಲಂಡನ್, ಮ್ಯಾಂಚೆಸ್ಟರ್, ಬಾಸ್ಟನ್, ಟೊರಾಂಟೊಗಳಲ್ಲಿ ಸಂಸಾರ ಹೂಡಿರುವ ಮೀನುಪ್ರಿಯ ಕನ್ನಡಿಗರಿಗೆ ಮಾತ್ರ ಕಾಡ್ ವಾರದ ಸಾಮಾನಿನ ಚೀಟಿಯಲ್ಲಿ ಬರುವ ಮೀನು. ಅಲ್ಲಿನ ಸೂಪರ್ ಮಾರ್ಕೆಟ್ಟಿನಲ್ಲಿ ಮುಳ್ಳು ತೆಗೆದು, ಎಷ್ಟೋ ಸಲ ಚರ್ಮವನ್ನೂ ಸುಲಿದು, ಬಿಳಿ ತುಂಡುಗಳನ್ನು ಜೋಡಿಸಿ ಇಟ್ಟಿರುತ್ತಾರೆ. ಮಂಗಳೂರು, ಉಡುಪಿ ಕಡೆಯವರು ಅದನ್ನು ತಂದು ಅಂಜಲ್‌ಗೆ ಹಚ್ಚುವ ಮಸಾಲೆಯನ್ನೇ ಹಚ್ಚಿ ಕಾವಲಿಗೆ ಹಾಕುತ್ತಾರೆ; ಇಲ್ಲವೇ ಬಂಗುಡೆಯ ಹಾಗೆ ಸಾರಿನಲ್ಲಿ ಕುದಿಸುತ್ತಾರೆ. ಕಾವಲಿಯ ಮೇಲೆ ಅದು ನೀರು ಬಿಟ್ಟು ಮುರಿಯುತ್ತದೆ. ಸಾರಿನಲ್ಲಿ ಬಿಡಿಬಿಡಿಯಾಗಿ ಕದಡಿಹೋಗುತ್ತದೆ. ‘ಇದಕ್ಕೆ ರುಚಿಯೂ ಇಲ್ಲ, ಗಟ್ಟಿಯೂ ಇಲ್ಲ ಮಾರಾಯ್ರೆ’ ಎಂಬ ತೀರ್ಪಿನೊಂದಿಗೆ ಕಾಡ್ ಅಧ್ಯಾಯ ಮುಗಿಯುತ್ತದೆ.

ತಪ್ಪು ಮೀನಿನದಲ್ಲ. ಉತ್ತರ ಅಟ್ಲಾಂಟಿಕ್ ಸುತ್ತಲಿನ ಜನ ಸಾವಿರ ವರ್ಷಕ್ಕೂ ಹೆಚ್ಚು ಕಾಲದಿಂದ ಈ ಮೀನನ್ನು ನೆಚ್ಚಿ ಬದುಕಿದ್ದಾರೆ. ಅವರ ಮನೆಯಡುಗೆಗಳನ್ನು ನೋಡಿದರೆ ಸಾಮಾನು ಕಡಿಮೆ, ಉರಿ ಕಡಿಮೆ, ತಗಲುವ ಹೊತ್ತೂ ಕಡಿಮೆ. ಅವೆಲ್ಲದರ ಹಿಂದೆ ಇರುವುದು ನೀರಿನ ಲೆಕ್ಕ. ಕಾಡ್ ಮಾಂಸದ ನೂರು ಪಾಲಿನಲ್ಲಿ ಸುಮಾರು ಎಂಬತ್ತು ಪಾಲು ನೀರು. ಒಂದೋ ಆ ನೀರನ್ನು ಒಳಗೇ ಉಳಿಸಿಕೊಂಡು ಬೇಯಿಸಬೇಕು, ಇಲ್ಲವೇ ಒಣಗಿಸಿ, ಉಪ್ಪು ಹಾಕಿ ಮೊದಲೇ ತೆಗೆದುಬಿಡಬೇಕು. ಕಾಡ್ ಅಡುಗೆಯ ಹೆಚ್ಚಿನ ದಾರಿಗಳು ಈ ಎರಡರಲ್ಲಿ ಒಂದಕ್ಕೆ ಸೇರಿದವು.

ಕೊಬ್ಬೆಲ್ಲ ಪಿತ್ತಜನಕಾಂಗದಲ್ಲಿ

ಗ್ಯಾಡಸ್ ಮೊರ್ಹುವಾ ಎಂಬುದು ಅಟ್ಲಾಂಟಿಕ್ ಕಾಡ್‌ನ ಶಾಸ್ತ್ರೀಯ ಹೆಸರು. ಗಲ್ಲದ ಕೆಳಗೆ ಒಂಟಿ ಮೀಸೆ, ಪಕ್ಕೆಯುದ್ದಕ್ಕೂ ಬಿಳಿ ಗೆರೆ, ಯಾವಾಗಲೂ ಹಸಿದ ದೊಡ್ಡ ಬಾಯಿ. ತಣ್ಣೀರಿನ ತಳದ ಹತ್ತಿರ ಓಡಾಡುತ್ತ ಏಡಿ, ಸಿಗಡಿ, ಸಣ್ಣ ಮೀನು, ಕೊನೆಗೆ ತನ್ನದೇ ಕುಲದ ಮರಿಗಳನ್ನೂ ನುಂಗುತ್ತದೆ. ಮಾರುಕಟ್ಟೆಗೆ ಬರುವುದರಲ್ಲಿ ಹೆಚ್ಚಿನವು ಕೆಲವೇ ಕಿಲೋ ತೂಗಿದರೂ 2013ರಲ್ಲಿ ನಾರ್ವೆಯ ಕಡಲಿನಲ್ಲಿ ಗಾಳಕ್ಕೆ ಸಿಕ್ಕ ಒಂದು ಕಾಡ್ 47 ಕಿಲೋ ತೂಗಿ ದಾಖಲೆ ಬರೆಯಿತು.

ಬಂಗುಡೆ, ಕೇದರೆಗಳು ಹಗಲೂ ರಾತ್ರಿ ಈಜುತ್ತಲೇ ಇರುವ ಮೀನುಗಳು. ಆ ದುಡಿಮೆಗೆ ಬೇಕಾದ ಕೊಬ್ಬು ಅವುಗಳ ಮಾಂಸದಲ್ಲೇ ಇರುತ್ತದೆ. ಮಾಂಸದ ಬಣ್ಣವೂ ಕೆಂಪುಗಪ್ಪು. ಕಾಡ್ ನಿಧಾನ ಜೀವಿ. ಬೇಟೆ ಕಂಡಾಗ ಅಥವಾ ಪ್ರಾಣಭಯವಾದಾಗ ಮಾತ್ರ ಛಂಗನೆ ಚಿಮ್ಮುತ್ತದೆ. ಅಂಥ ಕೆಲಸಕ್ಕೆ ಬಿಳಿ ಸ್ನಾಯು ಸಾಕು. ಅದು ತನ್ನ ಕೊಬ್ಬನ್ನೆಲ್ಲ ಪಿತ್ತಜನಕಾಂಗದಲ್ಲಿ ಕೂಡಿಡುತ್ತದೆ. ಮಕ್ಕಳಿಗೆ ಕುಡಿಸುವ ಎಣ್ಣೆ ಬರುವುದು ಅಲ್ಲಿಂದಲೇ. ಮಾಂಸದಲ್ಲಿ ಉಳಿಯುವುದು 100 ಗ್ರಾಂಗೆ ಸುಮಾರು 18 ಗ್ರಾಂ ಪ್ರೋಟೀನ್, ಒಂದು ಗ್ರಾಂಗೂ ಕಡಿಮೆ ಕೊಬ್ಬು, 80ರ ಆಸುಪಾಸಿನ ಕ್ಯಾಲೊರಿ.

ಅಡುಗೆಯವರಿಗೆ ಇದರ ಅರ್ಥ ಇಷ್ಟು. ಬಂಗುಡೆ ಎರಡು ನಿಮಿಷ ಹೆಚ್ಚು ಬೆಂದರೂ ಅದರೊಳಗಿನ ಎಣ್ಣೆ ಕಾಪಾಡುತ್ತದೆ. ಕಾಡ್‌ಗೆ ಆ ರಕ್ಷಣೆ ಇಲ್ಲ. ಅದರ ಮಾಂಸ ಪದರುಪದರಾಗಿದ್ದು, ಪದರುಗಳನ್ನು ಹಿಡಿದಿಡುವ ತೆಳುಪೊರೆ ಸ್ವಲ್ಪ ಕಾವಿಗೇ ಕರಗಿಹೋಗುತ್ತದೆ. ಆಗ ಪದರುಗಳು ಒಂದರ ಮೇಲೊಂದು ಜಾರುತ್ತವೆ. ಬಾಯಿಗೆ ಅದೇ ಹಿತ. ಕಾವು 65 ಡಿಗ್ರಿ ಸೆಲ್ಸಿಯಸ್ ದಾಟುತ್ತಾ ಹೋದಂತೆ ಪ್ರೋಟೀನು ಬಿಗಿದು ನೀರನ್ನು ಹಿಂಡಿ ಹೊರಹಾಕುತ್ತದೆ. ತುಂಡಿನ ಮೇಲೆ ಒಡೆದ ಹಾಲಿನ ಗಟ್ಟಿಯಂಥ ಬಿಳಿ ಗಂಟುಗಳು ಕಂಡರೆ ನೀರು ಹೊರಟಿತೆಂದೇ ಲೆಕ್ಕ. ಅಮೆರಿಕದ ಆಹಾರ ಸುರಕ್ಷತೆಯ ನಿಯಮ ಮೀನಿನ ನಡುಭಾಗ 63 ಡಿಗ್ರಿ ಮುಟ್ಟಬೇಕು ಎನ್ನುತ್ತದೆ. ಸುರಕ್ಷಿತವಾಗಿ ಬೇಯುವುದಕ್ಕೂ ಒಣಗಿ ಕೆಡುವುದಕ್ಕೂ ನಡುವೆ ಇರುವುದು ಕೆಲವೇ ಡಿಗ್ರಿಗಳ, ಒಂದೆರಡು ನಿಮಿಷಗಳ ಅಂತರ.

ಕೊಳ್ಳುವಾಗ ಏನು ನೋಡಬೇಕು?

ಮೊದಲು ನೋಡಬೇಕಾದ್ದು ದಪ್ಪ. ಬೆನ್ನಿನ ಕಡೆಯ ಎರಡೂವರೆ ಸೆಂಟಿಮೀಟರ್ ಅಥವಾ ಅದಕ್ಕಿಂತ ದಪ್ಪದ ತುಂಡು ಓವನ್ನಿಗೆ, ಸಾರಿಗೆ, ಕಾವಲಿಗೆ ಒಳ್ಳೆಯದು. ಬಾಲದ ಕಡೆಯ ತೆಳು ತುಂಡು ಅಗ್ಗ; ಹಿಟ್ಟಿನಲ್ಲಿ ಅದ್ದಿ ಕರಿಯಲು, ಕಟ್ಲೆಟ್ ಮಾಡಲು ಅದು ಸಾಕು. ಎರಡನ್ನೂ ಒಂದೇ ಪಾತ್ರೆಯಲ್ಲಿ ಬೇಯಿಸಿದರೆ ದಪ್ಪನೆಯದು ಬೇಯುವಷ್ಟರಲ್ಲಿ ತೆಳುವಾದದ್ದು ನಾರಾಗಿರುತ್ತದೆ. ಬೇರೆ ದಾರಿ ಇಲ್ಲದಿದ್ದರೆ ಬಾಲದ ತುದಿಯನ್ನು ಒಳಗೆ ಮಡಚಿ ದಪ್ಪ ಸರಿಮಾಡಿಕೊಳ್ಳಬಹುದು.

ಫ್ರೋಜನ್ ಎಂದು ಮೂಗು ಮುರಿಯಬೇಕಿಲ್ಲ. ದೊಡ್ಡ ಟ್ರಾಲರುಗಳಲ್ಲಿ ಮೀನು ಬಲೆಯಿಂದ ಮೇಲೆ ಬಂದ ಕೆಲವೇ ಗಂಟೆಗಳಲ್ಲಿ ಅಲ್ಲೇ ಕೊಯ್ದು ಹೆಪ್ಪುಗಟ್ಟಿಸುತ್ತಾರೆ. ನಾಲ್ಕೈದು ದಿನ ಐಸಿನ ಮೇಲೆ ಮಲಗಿದ ‘ತಾಜಾ’ ಮೀನಿಗಿಂತ ಅದು ಎಷ್ಟೋ ಸಲ ಮೇಲು. ಆದರೆ ಮನೆಯ ಫ್ರೀಜರಿನಲ್ಲಿ ತಿಂಗಳುಗಟ್ಟಲೆ ಇಡಬಾರದು. ಕಾಡ್ ಜಾತಿಯ ಮೀನಿನಲ್ಲಿರುವ ಒಂದು ಕಿಣ್ವ ಹೆಪ್ಪುಗಟ್ಟಿದ ಮೇಲೂ ಮೆಲ್ಲಗೆ ಕೆಲಸ ಮಾಡುತ್ತಲೇ ಇರುತ್ತದೆ. ಅದರಿಂದ ಮಾಂಸ ದಿನ ಕಳೆದಂತೆ ಒರಟಾಗುತ್ತದೆ. ಬೇಕಾದ ದಿನದ ಹಿಂದಿನ ರಾತ್ರಿ ಫ್ರಿಜ್ಜಿನ ಕೆಳಗಿನ ಅರೆಗೆ ಇಳಿಸಿ ನಿಧಾನವಾಗಿ ಕರಗಿಸಿ. ಬಿಸಿನೀರಿಗೆ ಹಾಕಿದರೆ ನೀರಿನ ಲೆಕ್ಕ ಅಲ್ಲೇ ತಪ್ಪುತ್ತದೆ.

ಕೆಟ್ಟ ವಾಸನೆಗೂ ಕಾರಣವಿದೆ. ಉಪ್ಪುನೀರನ್ನು ತಾಳಿಕೊಳ್ಳಲು ಸಮುದ್ರದ ಮೀನುಗಳ ದೇಹದಲ್ಲಿರುವ ಒಂದು ವಸ್ತುವನ್ನು ಬ್ಯಾಕ್ಟೀರಿಯಾಗಳು ಟ್ರೈಮಿಥೈಲ್ ಅಮೀನ್ ಆಗಿ ಒಡೆಯುತ್ತವೆ. ನಾವು ಮೀನು ವಾಸನೆ ಎನ್ನುವುದು ಅದನ್ನೇ. ಹುಳಿ ತಾಗಿದರೆ ಅದು ಗಾಳಿಗೆ ಏರುವುದು ಕಡಿಮೆಯಾಗುತ್ತದೆ. ಇಂಗ್ಲೆಂಡಿನವರ ವಿನೆಗರ್, ಬಾಸ್ಟನ್ನಿನವರ ನಿಂಬೆ, ನಮ್ಮ ಕರಾವಳಿಯ ಹುಣಸೆ, ಪುನರ್ಪುಳಿ ಎಲ್ಲವೂ ಮಾಡುವುದು ಒಂದೇ ಕೆಲಸ.

ಇಲ್ಲೊಂದು ಎಚ್ಚರಿಕೆ. ಬೆಂಗಳೂರು, ಮಂಗಳೂರಿನ ಮೀನಂಗಡಿಗಳಲ್ಲಿ ರೀಫ್ ಕಾಡ್ ಎಂಬ ಹೆಸರಿನಲ್ಲಿ ಸಿಗುವುದು ಕರಾವಳಿಯವರು ಮುರು ಎನ್ನುವ ಮೀನು. ಬಿಸಿನೀರ ಕಡಲಿನ ಬಂಡೆಗಳ ನಡುವೆ ಬೆಳೆಯುವ ಅದು ಗ್ರೂಪರ್ ಜಾತಿಯದು. ತಣ್ಣೀರಿನ ಕಾಡ್‌ಗೆ ಹತ್ತಿರದ ನೆಂಟಸ್ತಿಕೆ ಇಲ್ಲ. ಮಾಂಸ ಬಿಳಿ, ರುಚಿಯೂ ಒಳ್ಳೆಯದು, ಕಾಡ್‌ಗಿಂತ ಗಟ್ಟಿ.

ಉಪ್ಪು ಅರ್ಧ ಗಂಟೆ ಮುಂಚೆ

ಯಾವ ದೇಶದ ಅಡುಗೆ ಮಾಡುವುದಿದ್ದರೂ ಮೊದಲ ಕೆಲಸ ಇದು. ಅರ್ಧ ಕಿಲೋ ಮೀನಿಗೆ ಒಂದು ಟೀ ಚಮಚ ಸಣ್ಣ ಉಪ್ಪನ್ನು ಎರಡೂ ಕಡೆ ಉದುರಿಸಿ ಫ್ರಿಜ್ಜಿನಲ್ಲಿ ಅರ್ಧ ಗಂಟೆ ಇಡಿ. ಉಪ್ಪು ಮೊದಲು ಮೇಲಿನ ನೀರನ್ನು ಎಳೆಯುತ್ತದೆ. ಆಮೇಲೆ ಒಳಕ್ಕೆ ಇಳಿದು ಪ್ರೋಟೀನಿಗೆ ಉಳಿದ ನೀರನ್ನು ಹಿಡಿದಿಡುವ ಶಕ್ತಿ ಕೊಡುತ್ತದೆ. ಸಡಿಲವಾದ ಮಾಂಸ ಸ್ವಲ್ಪ ಬಿಗಿಯಾಗುತ್ತದೆ, ಬಿಳಿ ಗಂಟುಗಳು ಕಡಿಮೆಯಾಗುತ್ತವೆ, ರುಚಿ ನಡುವಿನವರೆಗೂ ಹೋಗುತ್ತದೆ. ಆಮೇಲೆ ತೊಳೆಯಬೇಡಿ. ಒಣ ಬಟ್ಟೆ ಅಥವಾ ಕಾಗದದಿಂದ ಒತ್ತಿ ಒರೆಸಿ. ಮುಂದೆ ಹಾಕುವ ಮಸಾಲೆಯಲ್ಲಿ ಮತ್ತೆ ಉಪ್ಪು ಹಾಕುವಾಗ ಕೈ ಹಿಡಿತದಲ್ಲಿರಲಿ.

ಬೆಂದಿದೆಯೇ ಎಂದು ನೋಡಲು ಡಿಜಿಟಲ್ ಥರ್ಮಾಮೀಟರ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಅತಿ ದಪ್ಪನೆಯ ಜಾಗದಲ್ಲಿ ಫೋರ್ಕಿನ ತುದಿ ಇಳಿಸಿ ಮೆಲ್ಲಗೆ ತಿರುಗಿಸಿ. ಪದರು ತಾನಾಗಿ ಬಿಟ್ಟುಕೊಂಡು, ನಡುವಿನ ಗಾಜಿನಂಥ ಹೊಳಪು ಹೋಗಿ ಆಗಷ್ಟೇ ಬೆಳ್ಳಗಾಗಿದ್ದರೆ ಒಲೆ ಆರಿಸುವ ಹೊತ್ತು. ಕಾಡ್‌ನಲ್ಲಿ ಆಗಾಗ ಸಣ್ಣ ದುಂಡುಹುಳುಗಳು ಇರುವುದುಂಟು. ಸರಿಯಾಗಿ ಬೇಯಿಸಿದರೆ ಅವು ಸಾಯುತ್ತವೆ. ಹಸಿಯಾಗಿ, ಅರೆಬೆಂದದ್ದನ್ನು ತಿನ್ನುವ ಹುಮ್ಮಸ್ಸು ಬೇಡ.

ನಾರ್ವೆ: ಕುದಿಸದೆ ಬೇಯಿಸುವ ಮಡಕೆ

ಪ್ರತಿವರ್ಷ ಜನವರಿಯಿಂದ ಏಪ್ರಿಲ್‌ವರೆಗೆ ಬ್ಯಾರೆಂಟ್ಸ್ ಸಮುದ್ರದ ಕಾಡ್ ನೂರಾರು ಕಿಲೋಮೀಟರ್ ಈಜಿಕೊಂಡು ನಾರ್ವೆಯ ಲೋಫೋಟೆನ್ ದ್ವೀಪಗಳ ಹತ್ತಿರ ಮೊಟ್ಟೆಯಿಡಲು ಬರುತ್ತದೆ. ಈ ವಲಸಿಗ ಕಾಡ್ ಅನ್ನು ಅಲ್ಲಿ ಸ್ಕ್ರೇ ಎನ್ನುತ್ತಾರೆ. ದೂರದ ಈಜಿನಿಂದ ಅದರ ಮಾಂಸ ಹೆಚ್ಚು ಬಿಗಿ. ಲೋಫೋಟೆನ್ ಇರುವುದು ಆರ್ಕ್‌ಟಿಕ್ ವೃತ್ತದ ಒಳಗೆ. ಡಿಸೆಂಬರ್ ಹೊತ್ತಿಗೆ ಅಲ್ಲಿ ವಾರಗಟ್ಟಲೆ ಸೂರ್ಯ ಮೇಲೇಳುವುದಿಲ್ಲ. ಬಿಸಿಲಿಲ್ಲದ ಚಳಿಗಾಲದಲ್ಲಿ ವಿಟಮಿನ್ ಡಿ ಕೊಡುವುದು ಇದೇ ಮೀನು. ಮಾಂಸ, ಪಿತ್ತಜನಕಾಂಗ, ಮೊಟ್ಟೆ ಮೂರನ್ನೂ ಬೇಯಿಸಿ ಒಂದೇ ತಟ್ಟೆಯಲ್ಲಿ ಬಡಿಸುವ ಊಟಕ್ಕೆ ಮೋಲ್ಯೆ ಎಂದು ಹೆಸರು.

ಮನೆಯಲ್ಲಿ ಮಾಂಸವನ್ನಷ್ಟೇ ಮಾಡಿದರೂ ಸಾಕು. ಅಗಲ ಪಾತ್ರೆಯಲ್ಲಿ ಒಂದೂವರೆ ಲೀಟರ್ ನೀರಿಗೆ ಮೂರು ದೊಡ್ಡ ಚಮಚ ಉಪ್ಪು, ಒಂದು ಪಲಾವ್ ಎಲೆ, ನಾಲ್ಕು ಕಾಳುಮೆಣಸು ಹಾಕಿ ಕುದಿಸಿ. ನೀರು ಹೀಗೆ ಉಪ್ಪಾಗುವುದರಿಂದ ಈ ವಿಧಾನಕ್ಕೆ ಮಾತ್ರ ಮೀನಿಗೆ ಮುಂಚೆ ಉಪ್ಪು ಹಚ್ಚಬೇಕಿಲ್ಲ. ಕುದಿ ಬಂದ ಕೂಡಲೇ ಒಲೆ ಆರಿಸಿ. ಫ್ರಿಜ್ಜಿನಿಂದ ಹದಿನೈದು ನಿಮಿಷ ಮುಂಚೆ ತೆಗೆದ ತುಂಡುಗಳನ್ನು ಮೆಲ್ಲಗೆ ಇಳಿಸಿ ಮುಚ್ಚಳ ಮುಚ್ಚಿ. ಎಂಟರಿಂದ ಹತ್ತು ನಿಮಿಷದಲ್ಲಿ ನೀರಿನ ಕಾವಿಗೇ ಮೀನು ಬೆಂದಿರುತ್ತದೆ. ಕುದಿಯ ಗುದ್ದಾಟ ಇಲ್ಲದ ಕಾರಣ ಒಂದು ಪದರೂ ಮುರಿದಿರುವುದಿಲ್ಲ. ಬೇಯಿಸಿದ ಆಲೂಗಡ್ಡೆ, ಕ್ಯಾರೆಟ್, ಮೇಲೆ ಕರಗಿಸಿದ ಬೆಣ್ಣೆ. ಅಲ್ಲಿನವರಿಗೆ ಇದು ಹಬ್ಬದ ಊಟ. ನಮ್ಮ ನಾಲಿಗೆಗೆ ಬೆಣ್ಣೆಯಲ್ಲಿ ಜಜ್ಜಿದ ಮೆಣಸು, ಬೆಳ್ಳುಳ್ಳಿ ಬಿಸಿ ಮಾಡಿ ಸುರಿದರೆ ಊಟ ತಾನಾಗಿ ಹತ್ತಿರವಾಗುತ್ತದೆ.

ಇದರಲ್ಲಿ ಉಳಿದದ್ದಕ್ಕೆ ಐಸ್‌ಲ್ಯಾಂಡಿನವರ ಬಳಿ ಉಪಾಯವಿದೆ. ಬಿಡಿಸಿದ ಮೀನು, ಅಷ್ಟೇ ಪ್ರಮಾಣದ ಬೇಯಿಸಿದ ಆಲೂಗಡ್ಡೆ, ಬೆಣ್ಣೆಯಲ್ಲಿ ಬಾಡಿಸಿದ ಈರುಳ್ಳಿಗೆ ಒಂದು ಚಮಚ ಮೈದಾ ಮತ್ತು ಹಾಲು ಸೇರಿಸಿದ ಬಿಳಿ ಸಾಸು, ಧಾರಾಳ ಕಾಳುಮೆಣಸಿನ ಪುಡಿ. ಎಲ್ಲವನ್ನೂ ಒರಟಾಗಿ ಕಲಸಿದರೆ ಪ್ಲೊಕ್‌ಫಿಸ್ಕುರ್. ಹಲ್ಲಿಲ್ಲದ ಅಜ್ಜಿಗೂ, ಹಟ ಮಾಡುವ ಮಗುವಿಗೂ ಒಗ್ಗುವ ತಿನಿಸು.

ಓವನ್: ಇಂಚಿಗೆ ಹತ್ತು ನಿಮಿಷ

ಕಾಡ್ ಎಂದರೆ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯಕ್ಕೆ ಕುಲದೇವತೆಯಷ್ಟು ಮುಖ್ಯ. 1602ರಲ್ಲಿ ಬಾರ್ತಲೋಮ್ಯು ಗಾಸ್ನೋಲ್ಡ್ ಎಂಬ ಇಂಗ್ಲಿಷ್ ನಾವಿಕ ಅಲ್ಲಿನ ಭೂಶಿರವೊಂದಕ್ಕೆ ಕೇಪ್ ಕಾಡ್ ಎಂದು ಹೆಸರಿಟ್ಟ. ಬಾಸ್ಟನ್ನಿನ ಶಾಸನಸಭೆಯಲ್ಲಿ ಇಂದಿಗೂ ಮರದ ಕಾಡ್ ಮೀನೊಂದು ತೂಗುತ್ತಿದೆ. ಆ ಊರಿನ ಮನೆಯಡುಗೆ ಮಾತ್ರ ತೀರ ಸರಳ.

ಓವನ್ನನ್ನು 200 ಡಿಗ್ರಿಗೆ ಕಾಯಿಸಿ. ತಟ್ಟೆಗೆ ಬೆಣ್ಣೆ ಸವರಿ, ಉಪ್ಪು ಹಿಡಿದ ಮೀನನ್ನು ಒರೆಸಿ ಇಡಿ. ಎರಡು ಹಿಡಿ ಬ್ರೆಡ್ ಪುಡಿಗೆ ಎರಡು ಚಮಚ ಕರಗಿದ ಬೆಣ್ಣೆ, ಒಂದು ಎಸಳು ಬೆಳ್ಳುಳ್ಳಿ, ಹೆಚ್ಚಿದ ಕೊತ್ತಂಬರಿ ಅಥವಾ ಪಾರ್ಸ್ಲಿ, ತುರಿದ ನಿಂಬೆ ಸಿಪ್ಪೆ ಕಲಸಿ ಮೀನಿನ ಮೇಲೆ ಒತ್ತಿ. ಎರಡೂವರೆ ಸೆಂಟಿಮೀಟರ್ ದಪ್ಪಕ್ಕೆ ಹನ್ನೆರಡರಿಂದ ಹದಿನೈದು ನಿಮಿಷ. ಮೇಲಿನ ಪುಡಿ ಗರಿಗರಿಯಾಗುವಷ್ಟರಲ್ಲಿ ಒಳಗಿನದು ಮೆತ್ತಗೆ ಬೆಂದಿರುತ್ತದೆ. ಕೊಬ್ಬಿಲ್ಲದ ಮೀನಿಗೆ ಕೊಬ್ಬನ್ನೂ ಗರಿಯನ್ನೂ ಹೊರಗಿನಿಂದ ಕೊಡುವ ಉಪಾಯ ಇದು. ಕೆನಡಾದ ಮೀನುಗಾರಿಕೆ ಇಲಾಖೆಯ ಹೆಸರಿನಲ್ಲಿ ಪ್ರಚಾರಕ್ಕೆ ಬಂದ ‘ಇಂಚಿಗೆ ಹತ್ತು ನಿಮಿಷ’ ಎಂಬ ಸೂತ್ರ ಇನ್ನೂ ಬಿಸಿಯಾದ, 230 ಡಿಗ್ರಿಯ ಓವನ್ನಿಗೆ ಹೇಳಿದ್ದು. ಅದನ್ನು ಕಣ್ಣು ಮುಚ್ಚಿ ನಂಬದೆ, ಎಂಟನೇ ನಿಮಿಷಕ್ಕೇ ಒಮ್ಮೆ ಫೋರ್ಕ್ ಇಳಿಸಿ ನೋಡುವುದು ಕ್ಷೇಮ.

ಓವನ್ ಇಲ್ಲದವರಿಗೆ ಪೊಟ್ಟಣದ ದಾರಿ ಇದೆ. ಪಾರ್ಸಿಗಳ ಪಾತ್ರಾ ನಿ ಮಚ್ಚಿಯಲ್ಲಿ ಕಾಯಿ, ಕೊತ್ತಂಬರಿ, ಹಸಿಮೆಣಸು, ನಿಂಬೆಯ ಚಟ್ನಿ ಬಳಿದ ಮೀನನ್ನು ಬಾಳೆಲೆಯಲ್ಲಿ ಸುತ್ತಿ ಹಬೆಯಲ್ಲಿ ಬೇಯಿಸುತ್ತಾರೆ. ಪಾಂಫ್ರೆಟ್‌ಗೆ ಹುಟ್ಟಿದ ಈ ಅಡುಗೆ ಕಾಡ್‌ಗೂ ಚೆನ್ನಾಗಿ ಒಪ್ಪುತ್ತದೆ. ಚಟ್ನಿ ದಪ್ಪ ಇರಬೇಕು. ಇಡ್ಲಿ ಪಾತ್ರೆಯಲ್ಲಿ ಹತ್ತು ಹನ್ನೆರಡು ನಿಮಿಷ ಸಾಕು. ಬಾಳೆಲೆ ಸಿಗದ ಊರಿನಲ್ಲಿ ಬೇಕಿಂಗ್ ಕಾಗದವೂ ನಡೆಯುತ್ತದೆ.

ಇಂಗ್ಲೆಂಡ್: ಹಿಟ್ಟಿನ ಹೊದಿಕೆ

ಫಿಶ್ ಅಂಡ್ ಚಿಪ್ಸ್ ಹತ್ತೊಂಬತ್ತನೇ ಶತಮಾನದ ದುಡಿಯುವ ಜನರ ಊಟ. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನಲ್ಲಿ ಮಾಂಸ, ಬೆಣ್ಣೆ, ಸಕ್ಕರೆಗೆಲ್ಲ ರೇಷನ್ ಬಂದರೂ ಫಿಶ್ ಅಂಡ್ ಚಿಪ್ಸ್‌ಗೆ ಬರಲಿಲ್ಲ. 1955ರಲ್ಲಿ ಬರ್ಡ್ಸ್ ಐ ಕಂಪನಿ ಕಾಡ್‌ನ ಫಿಶ್ ಫಿಂಗರ್ ತಂದ ಮೇಲೆ ಮಕ್ಕಳ ತಟ್ಟೆಗೂ ಈ ಮೀನು ಸಲೀಸಾಗಿ ಬಂತು.

ಹಿಟ್ಟಿನಲ್ಲಿ ಅದ್ದಿ ಕರಿಯುವುದು ಎಣ್ಣೆಯ ಅಡುಗೆಯಂತೆ ಕಂಡರೂ ಒಳಗೆ ನಡೆಯುವುದು ಹಬೆಯ ಅಡುಗೆ. ಹಿಟ್ಟು ಗಟ್ಟಿ ಹೊದಿಕೆಯಾಗಿ ಮೀನಿಗೂ ಎಣ್ಣೆಗೂ ನಡುವೆ ನಿಲ್ಲುತ್ತದೆ. ಮೀನು ತನ್ನದೇ ನೀರಿನ ಹಬೆಯಲ್ಲಿ ಬೇಯುತ್ತದೆ. ಬಜ್ಜಿ, ಬೋಂಡ ಮಾಡಿದ ಕೈಗೆ ಇದು ಹೊಸತಲ್ಲ. ಒಂದು ಬಟ್ಟಲು ಮೈದಾ, ಎರಡು ಚಮಚ ಅಕ್ಕಿಹಿಟ್ಟು, ಅರ್ಧ ಚಮಚ ಬೇಕಿಂಗ್ ಪೌಡರ್, ಉಪ್ಪು ಸೇರಿಸಿ ಫ್ರಿಜ್ಜಿನಲ್ಲಿಟ್ಟ ತಣ್ಣನೆಯ ಸೋಡಾದಿಂದ ದೋಸೆಹಿಟ್ಟಿನ ಹದಕ್ಕೆ ಕಲಸಿ. ಅಲ್ಲಿನವರು ಬಿಯರ್ ಹಾಕುತ್ತಾರೆ; ಬೇಕಾದದ್ದು ಅದರ ಗುಳ್ಳೆ, ಸೋಡಾದಲ್ಲೂ ಅದು ಇದೆ. ಹಿಟ್ಟನ್ನು ಹೆಚ್ಚು ಕಲಸಬಾರದು, ಕಲಸಿ ಹೊತ್ತುಗಟ್ಟಲೆ ಇಡಲೂಬಾರದು. ಮೀನನ್ನು ಒರೆಸಿ, ಒಣ ಮೈದಾದಲ್ಲಿ ಹೊರಳಿಸಿ, ಆಮೇಲೆ ಹಿಟ್ಟಿನಲ್ಲಿ ಅದ್ದಿ 180 ಡಿಗ್ರಿ ಕಾದ ಎಣ್ಣೆಗೆ ಬಿಡಿ. ಎರಡು ಸೆಂಟಿಮೀಟರ್ ದಪ್ಪದ ತುಂಡಿಗೆ ಐದಾರು ನಿಮಿಷ. ಎಣ್ಣೆಯ ಕಾವು ಕಮ್ಮಿಯಾದರೆ ಹೊದಿಕೆ ಗಟ್ಟಿಯಾಗುವ ಮೊದಲೇ ಎಣ್ಣೆ ಕುಡಿಯುತ್ತದೆ. ಹಾಗಾಗಿ ಒಂದೆರಡು ತುಂಡಿಗಿಂತ ಹೆಚ್ಚು ಒಟ್ಟಿಗೆ ಹಾಕಬೇಡಿ.

ನೀರು ತೆಗೆದ ಮೀನು

ಲೋಫೋಟೆನ್‌ನಲ್ಲಿ ಫೆಬ್ರವರಿಯಿಂದ ಮೇ ತನಕ ಮರದ ಚಪ್ಪರಗಳ ಮೇಲೆ ಜೋಡಿ ಜೋಡಿಯಾಗಿ ಕಾಡ್ ನೇತುಹಾಕುತ್ತಾರೆ. ಉಪ್ಪು ಹಾಕುವುದಿಲ್ಲ. ಸೊನ್ನೆ ಡಿಗ್ರಿಯ ಆಸುಪಾಸಿನ ಗಾಳಿಯಲ್ಲಿ ಮೀನು ಕೊಳೆಯದೆ, ಹೆಪ್ಪುಗಟ್ಟದೆ ಒಣಗುತ್ತದೆ. ತೂಕ ಸುಮಾರು ಐದನೇ ಒಂದಕ್ಕೆ ಇಳಿಯುತ್ತದೆ. 1432ರಲ್ಲಿ ಹಡಗು ಒಡೆದು ಲೋಫೋಟೆನ್‌ನ ರೋಸ್ಟ್ ದ್ವೀಪ ಸೇರಿದ ವೆನಿಸಿನ ವ್ಯಾಪಾರಿ ಪಿಯೆತ್ರೊ ಕ್ವೆರಿನಿ ಈ ಕಟ್ಟಿಗೆಯಂಥ ಮೀನಿನ ವಿಷಯ ಬರೆದಿಟ್ಟಿದ್ದಾನೆ. ಇಂದಿಗೂ ಇದಕ್ಕೆ ದೊಡ್ಡ ಗಿರಾಕಿಗಳೆಂದರೆ ಇಟಲಿ ಮತ್ತು ನೈಜೀರಿಯಾ.

ಪೋರ್ಚುಗಲ್ಲಿನ ಕಡಲಿನಲ್ಲಿ ಕಾಡ್ ಸಿಗುವುದಿಲ್ಲ. ಆದರೂ ಉಪ್ಪುಹಾಕಿ ಒಣಗಿಸಿದ ಕಾಡ್, ಅಂದರೆ ಬಕಲ್ಯಾವ್, ಆ ದೇಶದ ಜೀವಾಳ. ಕ್ರಿಸ್‌ಮಸ್ ಹಿಂದಿನ ರಾತ್ರಿ ಆಲೂಗಡ್ಡೆ, ಕೋಸು, ಮೊಟ್ಟೆಯೊಂದಿಗೆ ಬೇಯಿಸಿದ ಬಕಲ್ಯಾವ್ ಇಲ್ಲದೆ ಅಲ್ಲಿ ಹಬ್ಬವಿಲ್ಲ. ಪೋರ್ಚುಗೀಸರ ಜೊತೆ ಅದು ಗೋವಾಕ್ಕೂ ಬಂತು. ಉಪ್ಪುಕಾಡ್‌ನ ಚರಿತ್ರೆಗೆ ಕಪ್ಪು ಪುಟವೂ ಇದೆ: ನ್ಯೂ ಇಂಗ್ಲೆಂಡಿನ ಕಳಪೆ ದರ್ಜೆಯ ಉಪ್ಪುಮೀನು ಕೆರಿಬಿಯನ್ ಕಬ್ಬಿನ ತೋಟಗಳ ಗುಲಾಮರ ಆಹಾರವಾಗಿ ಹಡಗೇರುತ್ತಿತ್ತು. ಜಮೈಕಾದ ರಾಷ್ಟ್ರೀಯ ತಿನಿಸಾದ ಆಕಿ ಹಣ್ಣು–ಉಪ್ಪುಮೀನಿನ ಹಿಂದೆ ಇರುವುದು ಆ ಚರಿತ್ರೆ.

ಒಣಮೀನಿನ ಜೊತೆ ಬೆಳೆದ ಕರಾವಳಿಯವರಿಗೆ ಬಕಲ್ಯಾವ್ ಪಳಗಿಸುವುದು ಕಷ್ಟವಲ್ಲ. ತೊಳೆದು, ಫ್ರಿಜ್ಜಿನಲ್ಲಿ ತಣ್ಣೀರಿನಲ್ಲಿ ಮುಳುಗಿಸಿ 24ರಿಂದ 48 ಗಂಟೆ ನೆನೆಯಲು ಬಿಡಿ. ಮೂರು ನಾಲ್ಕು ಸಲ ನೀರು ಬದಲಿಸಿ. ಒಂದು ಚೂರು ಬೇಯಿಸಿ ಉಪ್ಪು ನೋಡಿ. ಸರಿಯೆನಿಸಿದರೆ ಬಕಲ್ಯಾವ್ ಆ ಬ್ರಾಶ್ ಮಾಡಿ: ಆಲಿವ್ ಎಣ್ಣೆಯಲ್ಲಿ ಈರುಳ್ಳಿ, ಬೆಳ್ಳುಳ್ಳಿ ಬಾಡಿಸಿ, ಎಳೆಎಳೆಯಾಗಿ ಬಿಡಿಸಿದ ಮೀನು ಸೇರಿಸಿ ಐದು ನಿಮಿಷ ಮಗುಚಿ. ಬೆಂಕಿಕಡ್ಡಿಯಷ್ಟು ಸಣ್ಣಗೆ ಹೆಚ್ಚಿ ಕರಿದ ಆಲೂಗಡ್ಡೆ, ಕದಡಿದ ನಾಲ್ಕು ಮೊಟ್ಟೆ ಹಾಕಿ. ಮೊಟ್ಟೆ ಇನ್ನೂ ಮೆತ್ತಗಿರುವಾಗಲೇ ಒಲೆಯಿಂದ ಇಳಿಸಿ, ಕಪ್ಪು ಆಲಿವ್ ಉದುರಿಸಿ. ಉಪ್ಪು ಬೇರೆ ಬೇಕಾಗುವುದಿಲ್ಲ.

ನಮ್ಮ ಮಸಾಲೆಗೆ ಒಗ್ಗಿಸುವುದು

ರವಾ ಫ್ರೈ ಮಾಡುವುದಿದ್ದರೆ ಮಸಾಲೆ ಹಚ್ಚಿ ಗಂಟೆಗಟ್ಟಲೆ ಇಡುವ ರೂಢಿ ಬಿಡಬೇಕು. ಹುಳಿ ಹೆಚ್ಚು ಹೊತ್ತು ತಾಗಿದರೆ ಕಾಡ್‌ನ ಮಾಂಸ ಸಡಿಲವಾಗುತ್ತದೆ. ಉಪ್ಪು ಹಿಡಿದ ತುಂಡನ್ನು ಒರೆಸಿ, ಬ್ಯಾಡಗಿ ಮೆಣಸು, ಅರಿಸಿನ, ಶುಂಠಿ, ಬೆಳ್ಳುಳ್ಳಿ, ಹುಣಸೆಯ ಗಟ್ಟಿ ಪೇಸ್ಟನ್ನು ತೆಳ್ಳಗೆ ಸವರಿ. ಹತ್ತು ನಿಮಿಷದೊಳಗೆ ರವೆಯಲ್ಲಿ ಒತ್ತಿ, ಚೆನ್ನಾಗಿ ಕಾದ ಎಣ್ಣೆಯ ಕಾವಲಿಗೆ ಹಾಕಿ. ಮೂರು ನಾಲ್ಕು ನಿಮಿಷ ಮುಟ್ಟಬೇಡಿ. ತಳ ಗರಿಗಟ್ಟಿದರೆ ತುಂಡು ತಾನೇ ಕಾವಲಿ ಬಿಡುತ್ತದೆ. ಅಗಲ ಸಟ್ಟುಗದಿಂದ ಒಂದೇ ಸಲ ಮಗುಚಿ. ಇನ್ನೊಂದು ಕಡೆಗೆ ಎರಡು ನಿಮಿಷ ಸಾಕು.

ಗಸಿಗೆ ಕ್ರಮ ತಿರುಗಿಸಬೇಕು: ಮಸಾಲೆ ಮೊದಲು ಪೂರ್ತಿ ಬೇಯಲಿ, ಮೀನು ಕೊನೆಗೆ. ಅರ್ಧ ಕಿಲೋ ಮೀನಿಗೆ ಹುರಿದ ಎಂಟು ಹತ್ತು ಬ್ಯಾಡಗಿ ಮೆಣಸು, ಒಂದೂವರೆ ದೊಡ್ಡ ಚಮಚ ಕೊತ್ತಂಬರಿ ಬೀಜ, ಅರ್ಧ ಚಮಚ ಜೀರಿಗೆ, ನಾಲ್ಕು ಕಾಳು ಮೆಂತೆ, ನಾಲ್ಕೆಸಳು ಬೆಳ್ಳುಳ್ಳಿ, ಒಂದೂವರೆ ಬಟ್ಟಲು ಕಾಯಿತುರಿ, ಹುಣಸೆ ಸೇರಿಸಿ ನುಣ್ಣಗೆ ಅರೆಯಿರಿ. ಈರುಳ್ಳಿ ಬಾಡಿಸಿ, ಅರೆದದ್ದು ಹಾಕಿ ಹಸಿವಾಸನೆ ಹೋಗುವ ತನಕ, ಹತ್ತು ನಿಮಿಷವಾದರೂ ಕುದಿಸಿ. ಆಮೇಲೆ ಉರಿ ತಗ್ಗಿಸಿ, ದೊಡ್ಡ ತುಂಡುಗಳನ್ನು ಒಂದೊಂದಾಗಿ ಇಳಿಸಿ ಮುಚ್ಚಿ. ಸೌಟು ಹಾಕಬೇಡಿ, ಕರಾವಳಿಯ ಅಮ್ಮಂದಿರ ಹಾಗೆ ಪಾತ್ರೆಯ ಎರಡು ಕಿವಿ ಹಿಡಿದು ಒಮ್ಮೆ ಸುತ್ತ ಕುಲುಕಿದರೆ ಸಾಕು. ಐದು ನಿಮಿಷಕ್ಕೆ ಒಲೆ ಆರಿಸಿ, ಇನ್ನೈದು ನಿಮಿಷ ಮುಚ್ಚಿಡಿ. ಮೀನು ಸಾರು ಮರುದಿನವೇ ರುಚಿ ಎಂಬ ಮಾತು ಬಂಗುಡೆಗೆ ಸರಿ, ಕಾಡ್‌ಗೆ ಸಲ್ಲದು. ಮತ್ತೆ ಬಿಸಿ ಮಾಡಿದರೆ ಅದು ಒಣಗುತ್ತದೆ. ಉಳಿಯುವ ಹಾಗಿದ್ದರೆ ಗಸಿಯನ್ನಷ್ಟೇ ಎತ್ತಿಟ್ಟು, ಮೀನನ್ನು ಮರುದಿನ ಹೊಸದಾಗಿ ಬೇಯಿಸಿ.

ಬುಟ್ಟಿಯಲ್ಲಿ ಸಿಗುತ್ತಿದ್ದ ಮೀನು

1497ರಲ್ಲಿ ಜಾನ್ ಕ್ಯಾಬಟ್ ಇಂಗ್ಲೆಂಡಿನ ಬ್ರಿಸ್ಟಲ್‌ನಿಂದ ಹೊರಟು ಉತ್ತರ ಅಮೆರಿಕದ ದಂಡೆ ಮುಟ್ಟಿ ಬಂದ. ಅಲ್ಲಿನ ಕಡಲಿನಲ್ಲಿ ಬುಟ್ಟಿ ಇಳಿಬಿಟ್ಟರೂ ಮೀನು ಸಿಗುತ್ತದಂತೆ ಎಂದು ಲಂಡನ್ನಿನಲ್ಲಿದ್ದ ಮಿಲಾನಿನ ರಾಯಭಾರಿ ತನ್ನ ಒಡೆಯನಿಗೆ ವರದಿ ಮಾಡಿದ. ಐದು ಶತಮಾನ ಮುಗಿಯುವುದರೊಳಗೆ ಆ ಕಡಲು ಬರಿದಾಯಿತು. ಇಪ್ಪತ್ತನೇ ಶತಮಾನದ ನಡುವೆ ಬಂದ ಭಾರಿ ಟ್ರಾಲರುಗಳು ಮೀನಿನ ಸಂತಾನ ಬೆಳೆಯುವ ವೇಗವನ್ನು ಮೀರಿ ಬಾಚಿದವು. 1992ರ ಜುಲೈ 2ರಂದು ಕೆನಡಾ ಸರ್ಕಾರ ನ್ಯೂಫೌಂಡ್‌ಲ್ಯಾಂಡ್ ಕಡೆಯ ಕಾಡ್ ಮೀನುಗಾರಿಕೆಯನ್ನು ನಿಲ್ಲಿಸಿತು. ಸುಮಾರು 30,000 ಜನರ ಕೆಲಸ ಹೋಯಿತು. ಎರಡು ವರ್ಷಕ್ಕೆಂದು ಹೇಳಿದ ನಿಷೇಧ ತೆರವಾದದ್ದು 2024ರಲ್ಲಿ, ಅದೂ 18,000 ಟನ್‌ಗಳ ಮಿತಿಯೊಂದಿಗೆ.

ಐಸ್‌ಲ್ಯಾಂಡ್ ಇಷ್ಟರವರೆಗೆ ಕಾಯಲಿಲ್ಲ. 1958ರಿಂದ 1976ರ ನಡುವೆ ಮೂರು ಸಲ ಬ್ರಿಟನ್ ಜೊತೆ ಜಟಾಪಟಿ ನಡೆಸಿ, ಬ್ರಿಟಿಷ್ ದೋಣಿಗಳ ಬಲೆಯ ಹಗ್ಗ ಕತ್ತರಿಸಿ, ಕೊನೆಗೆ 200 ನಾಟಿಕಲ್ ಮೈಲಿವರೆಗಿನ ಕಡಲನ್ನು ತನ್ನದಾಗಿಸಿಕೊಂಡಿತು. ಅದೇ 1976ರಲ್ಲಿ ಭಾರತವೂ 200 ನಾಟಿಕಲ್ ಮೈಲಿಯ ವಿಶೇಷ ಆರ್ಥಿಕ ವಲಯಕ್ಕಾಗಿ ಕಾಯ್ದೆ ಮಾಡಿತು. ಇನ್ನು ಬ್ಯಾರೆಂಟ್ಸ್ ಸಮುದ್ರದಲ್ಲೂ ಸುಭಿಕ್ಷ ಮುಗಿಯುತ್ತಿದೆ. ನಾರ್ವೆ, ರಷ್ಯಾ ಸೇರಿ 2025ಕ್ಕೆ ನಿಗದಿ ಮಾಡಿದ ಕಾಡ್ ಪ್ರಮಾಣ 3,40,000 ಟನ್. 1991ರ ನಂತರ ಇಷ್ಟು ಕಡಿಮೆ ಆಗಿರಲಿಲ್ಲ. ಅಂಗಡಿಯಲ್ಲಿ ಕಾಡ್ ದುಬಾರಿಯಾಗುತ್ತಿರುವುದಕ್ಕೆ ಇದೂ ಕಾರಣ.

ಆದ್ದರಿಂದ ಕೊಳ್ಳುವಾಗ ಮೀನು ಯಾವ ಕಡಲಿನದು ಎಂದು ಓದಿ, ಕಡಲನ್ನು ಬರಿದು ಮಾಡದೆ ಹಿಡಿದ ಮೀನಿಗೆ ಕೊಡುವ ಎಂಎಸ್‌ಸಿಯ ನೀಲಿ ಗುರುತು ಇರುವುದನ್ನೇ ಆರಿಸಿ. ಹ್ಯಾಡಕ್, ಹೇಕ್, ಪೊಲಾಕ್ ಅಗ್ಗಕ್ಕೆ ಸಿಕ್ಕರೆ ತನ್ನಿ. ಮೇಲೆ ಹೇಳಿದ ಹಸಿಮೀನಿನ ವಿಧಾನಗಳೆಲ್ಲ ಅವಕ್ಕೂ ನಡೆಯುತ್ತವೆ.

ಕರ್ನಾಟಕದಲ್ಲಿರುವವರು ಕಾಡ್ ಹುಡುಕಿ ದುಬಾರಿ ಹಣ ತೆರಬೇಕಾದ ಅಗತ್ಯವಿಲ್ಲ. ಒಮೆಗಾ–3 ಕೊಬ್ಬಿನ ಲೆಕ್ಕದಲ್ಲಿ ನಮ್ಮ ಬೂತಾಯಿ, ಬಂಗುಡೆಗಳು ಕಾಡ್‌ಗಿಂತ ಎಷ್ಟೋ ಮುಂದೆ. ಬಿಳಿ ಮಾಂಸವೇ ಬೇಕೆಂದರೆ ಕಾಣೆ ಇದೆ, ಮುರು ಇದೆ. ಅವುಗಳಿಗೂ ಅರ್ಧ ಗಂಟೆ ಮುಂಚೆ ಉಪ್ಪು ಹಾಕಿ, ಒರೆಸಿ, ಸಾರು ಪೂರ್ತಿ ಬೆಂದ ಮೇಲೆ ಇಳಿಸಿ ನೋಡಿ. ಜೂನ್, ಜುಲೈಯಲ್ಲಿ ನಮ್ಮ ಕರಾವಳಿಯ ಯಾಂತ್ರಿಕ ದೋಣಿಗಳು ದಡದಲ್ಲಿ ನಿಂತಾಗ ಮೀನು ಕಡಿಮೆ ತಿನ್ನುವ ಸಂಯಮವೂ ಇರಲಿ. ಆ 61 ದಿನಗಳ ನಿಷೇಧ ಏಕೆ ಬೇಕು ಎನ್ನುವುದಕ್ಕೆ ನ್ಯೂಫೌಂಡ್‌ಲ್ಯಾಂಡ್‌ಗಿಂತ ದೊಡ್ಡ ಸಾಕ್ಷಿ ಇಲ್ಲ. ಹೊರದೇಶದಲ್ಲಿರುವವರು ದಪ್ಪನೆಯ ತುಂಡು ತನ್ನಿ, ಉಪ್ಪನ್ನು ಮುಂಚೆ ಹಾಕಿ, ಬೆಂದಿತೋ ಇಲ್ಲವೋ ಎಂಬ ಅನುಮಾನ ಬಂದ ಗಳಿಗೆಯಲ್ಲೇ ಫೋರ್ಕ್ ಇಳಿಸಿ ನೋಡಿ. ಕಾಡ್ ಸಪ್ಪೆ ಮೀನು ಎಂಬ ದೂರು ಅಲ್ಲಿಗೆ ಮುಗಿಯುತ್ತದೆ.